ಹನ್ನೊಂದನೇ ಕೋಣೆ: ಇಳಿಸಿದ ಗೆರೆ

"ಈಗ ನಿಲ್ಲುತ್ತೆ ನೋಡಿ," ಎಂದ ಕಂಪ್ಯೂಟರ್ ಅಂಗಡಿಯ ರಿಪೇರಿಯವನು.

ನಿಲ್ಲಲಿಲ್ಲ. ಮಧ್ಯದ ಕಂಪ್ಯೂಟರಿನ ಪರದೆಯ ಮೂಲೆಯ ಎಣಿಕೆ ಏರುತ್ತಲೇ ಹೋಗಿ, ಮುನ್ನೂರು ದಾಟಿ, ಪಟ್ಟಿಯ ಕೊನೆ ಮುಟ್ಟಿತು. ಅವನು ಪಕ್ಕದ ಕೀಲಿಯೊಂದನ್ನು ಒತ್ತಿದ. ಹನ್ನೊಂದನೇ ಕೋಣೆಯ ಹಸಿರು ಚೌಕ ಕೆಂಪಾಯಿತು. ಮೇಜಿನ ಮೇಲಿದ್ದ ಪುಟ್ಟ ಸ್ಪೀಕರು ಕಿರುಚಿಕೊಂಡಿತು.

ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ ಅಕ್ಕನ ಮಗಳ ಬಲಗೈ ಮೇಜಿನ ಅಂಚಿನ ತನಕ ಹೋಗಿ ಹಿಂದಕ್ಕೆ ಬಂತು. ಊಟ ನಿದ್ದೆ ಬಿಟ್ಟ ಹುಡುಗಿ, ತಲೆ ತಿರುಗಿರಬೇಕು ಅಂದುಕೊಂಡಳು ಚಿಕ್ಕಮ್ಮ.

"ಕೇಳಿಸ್ತಲ್ಲ," ಎಂದಳು ರಿಪೇರಿಯವನ ಕಡೆ ತಿರುಗಿ.

"ಕೇಳಿಸ್ತು. ಅದೇ ತೊಂದರೆ."

ಅವಳನ್ನು ಚಿಕ್ಕಮ್ಮ ಎಂದು ಕರೆಯಬೇಕಾದವಳು ನಿಜಕ್ಕೂ ಈ ಅಕ್ಕನ ಮಗಳೊಬ್ಬಳೇ. ಆದರೆ ವಿಮಾ ಕಂಪನಿಗಳ ಪರವಾಗಿ ಅಪಘಾತಗಳ ತನಿಖೆ ಮಾಡುತ್ತ ಅರ್ಧ ಆಯಸ್ಸು ಕಳೆದ ಮೇಲೆ, ಪೊಲೀಸರಿಗೂ ಗ್ಯಾರೇಜಿನವರಿಗೂ ಶವಾಗಾರದ ಕಾವಲುಗಾರನಿಗೂ ಅವಳು ಚಿಕ್ಕಮ್ಮನೇ ಆಗಿದ್ದಳು. ಈ ಸಲದ ತನಿಖೆ ಮಾತ್ರ ಯಾವ ಕಂಪನಿಯದೂ ಅಲ್ಲ, ಮನೆಯದು. ಮೀನಿನ ಕೋಲ್ಡ್ ಸ್ಟೋರೇಜಿನ ಹನ್ನೊಂದನೇ ಕೋಣೆಯಲ್ಲಿ ಸಿಕ್ಕಿಹಾಕಿಕೊಂಡು ಮರಗಟ್ಟಿ ಸತ್ತವನು ಅವಳ ಭಾವ, ಅಲ್ಲಿನ ಹಮಾಲಿಗಳ ಮೇಸ್ತ್ರಿ. ಅವನು ಕರೆದರೂ ಹೋಗಲಿಲ್ಲ ಎಂದು ಲಾಕಪ್ಪಿನಲ್ಲಿ ಕೂತವನು ಅದೇ ಭಾವನ ಅಳಿಯ, ಅಲ್ಲಿನ ಕಂಟ್ರೋಲ್ ರೂಮಿನ ಆಪರೇಟರು. ಈ ಅಕ್ಕನ ಮಗಳ ಗಂಡ.

ನಾಳೆ ಬೆಳಿಗ್ಗೆ ಅವನನ್ನು ಕೋರ್ಟಿಗೆ ಕರೆದೊಯ್ಯುತ್ತಾರೆ. ಅಷ್ಟರೊಳಗೆ ಕಂಟ್ರೋಲ್ ರೂಮಿನ ಬಜರ್ ಬಾರಿಸಲೇ ಇಲ್ಲ ಎಂದು ತೋರಿಸಿದರೆ ಅವನು ಮನೆಗೆ ಬರುತ್ತಾನೆ. ಇಲ್ಲದಿದ್ದರೆ ಕೊಲೆ ಕೇಸು.

ಪೊಲೀಸರ ಮಾತು ಸರಳವಾಗಿತ್ತು. ಹನ್ನೊಂದರ ಬಾಗಿಲು ತನ್ನ ಭಾರಕ್ಕೆ ತಾನೇ ಮುಚ್ಚಿಕೊಳ್ಳುತ್ತದೆ. ಒಳಗಿನ ಹಿಡಿ ಮುರಿದಿತ್ತು, ಕಂಪನಿ ರಿಪೇರಿ ಮಾಡಿಸಿರಲಿಲ್ಲ. ಒಳಗೆ ಸಿಕ್ಕಿಬಿದ್ದವನಿಗೆ ಉಳಿದ ದಾರಿ ಒಂದೇ, ಗೋಡೆಯ ಮೇಲಿನ ಕೆಂಪು ಬಟನ್. ಒತ್ತಿದರೆ ಒಳಗೇ ಕೂತುಬಿಡುವ ಜಾತಿಯದು ಅದು. ಯಾರಾದರೂ ಬಂದು ಹೊರಕ್ಕೆ ಎಳೆಯುವ ತನಕ ಅದು ಕರೆಯುತ್ತಲೇ ಇರಬೇಕು. ಹೆಣ ಸಿಕ್ಕಾಗ ಬಟನ್ ಒಳಗೇ ಕೂತಿತ್ತು. ಒತ್ತಿದ್ದಾನೆ, ಬಜರ್ ಬಾರಿಸಿದೆ, ಅಳಿಯ ಎದ್ದು ಹೋಗಿಲ್ಲ. ಮಾವ ಅಳಿಯಂದಿರಿಗೆ ಮಾತುಕತೆ ಇರಲಿಲ್ಲ ಎಂಬುದು ಗೇಟಿನವನಿಗೂ ಗೊತ್ತಿತ್ತು.

"ನಿದ್ದೆ ಹೋಗಿದ್ದೆ ಅಂತ ಬರ್ಕೊಳ್ಳಿ," ಎಂದು ಅಳಿಯನೂ ಹೇಳಿಬಿಟ್ಟಿದ್ದ.

ಅದೊಂದನ್ನು ಚಿಕ್ಕಮ್ಮ ನಂಬಿರಲಿಲ್ಲ. ಆ ಸಂಜೆಯಿಡೀ ಅವನು ಎಲ್ಲ ಕೋಣೆಗಳ ಉಷ್ಣಾಂಶ ನೋಡಿ ನೋಡಿ ಒಪ್ಪಿಗೆ ಒತ್ತಿದ್ದ. ಕಂಪ್ಯೂಟರಿನಲ್ಲಿ ಅದಿತ್ತು. ನಿದ್ದೆಯಲ್ಲಿ ಯಾರೂ ಮೀನು ಎಷ್ಟು ತಣ್ಣಗಿದೆ ಅಂತ ನೋಡುವುದಿಲ್ಲ. ಎಚ್ಚರವಿದ್ದವನು ನಿದ್ದೆ ಮಾಡಿದ್ದೆ ಅನ್ನುವುದು ಯಾಕೆ?

"ಇನ್ನೊಂದ್ಸಲ ಹೇಳಪ್ಪ," ಎಂದಳು. "ಮೂರು ಕಂಪ್ಯೂಟರ್ ಇಟ್ಟಿದ್ದೀಯ. ಮೂರರಲ್ಲೂ ಅವರದೇ ಪ್ರೋಗ್ರಾಮು. ಏನು ವ್ಯತ್ಯಾಸ?"

ರಿಪೇರಿಯವನು ಹೆಗಲ ಮೇಲಿನ ಬಟ್ಟೆಯಿಂದ ಕೈ ಒರೆಸಿಕೊಂಡ. "ಮೊಳೆ ಅಂದ್ಕೊಳ್ಳಿ ಚಿಕ್ಕಮ್ಮ. ಗೋಡೆಗೆ ಹೊಡೆದ ಮೊಳೆ. ಒಂದೊಂದು ಬಟನ್ನು, ಒಂದೊಂದು ಥರ್ಮಾಮೀಟರು ಬಂದು ತನ್ನ ಚೀಲ ನೇತುಹಾಕೋಕೆ ಒಂದೊಂದು ಮೊಳೆ ಬೇಕು. ಒಂದು ಪ್ರೋಗ್ರಾಮಿಗೆ ಎಷ್ಟು ಮೊಳೆ ಕೊಡಬೇಕು ಅನ್ನೋದು ಮನೆ ಯಜಮಾನನ ಇಷ್ಟ. ಇವು ಮೂರು ಮನೆ, ಮೂರು ಯಜಮಾನರು."

"ಅದರಲ್ಲಿ ಧಾರಾಳಿ ಯಾರು?"

"ಈ ವಿಂಡೋಸು. ಇಂಥ ಸಂಪರ್ಕಗಳ ಮಟ್ಟಿಗೆ ಇದರ ಗೋಡೆಗೆ ಕೊನೆ ಇದೆ, ಆದ್ರೆ ನಮ್ಮ ಕಣ್ಣಿಗೆ ಕಾಣೋ ದೂರದಲ್ಲಿಲ್ಲ. ಮಧ್ಯದ್ದು ಲಿನಕ್ಸು. ಮಾಮೂಲಿಗೆ ಸಾವಿರದ ಇಪ್ಪತ್ನಾಲ್ಕು ಕೊಡುತ್ತೆ. ನಿಮ್ಮವರಿಗೆ ಬೇಕಾಗಿರೋದು ಮುನ್ನೂರು ಚಿಲ್ಲರೆ."

"ದಂಡಿಯಾಗಿ ಸಾಕು."

"ಮಿಕ್ಕುತ್ತೆ. ಕಂಟ್ರೋಲ್ ರೂಮಲ್ಲಿರೋದು ಈ ಲಿನಕ್ಸೇ. ಅದಕ್ಕೇ ತೊಂದರೆ ಅಂದಿದ್ದು."

ಚಿಕ್ಕಮ್ಮ ಗೋಡೆ ಪಕ್ಕದ ಮೂರನೆಯದನ್ನು ತೋರಿಸಿದಳು. "ಅದು?"

"ಮ್ಯಾಕು. ಜಿಪುಣ. ಸುಮ್ನಿದ್ರೆ ಇನ್ನೂರ ಐವತ್ತಾರು. ಬಾಯಿಬಿಟ್ಟು ಕೇಳಿದ್ರೆ ಜಾಸ್ತಿ ಕೊಡುತ್ತೆ. ಇವರ ಪ್ರೋಗ್ರಾಮು ಬಾಯಿ ಬಿಡಲ್ಲ."

ಅವನು ಅದನ್ನು ಶುರು ಮಾಡಿದ. ಎಣಿಕೆ ಏರಿತು, ಇನ್ನೂರೈವತ್ತರ ಆಸುಪಾಸಿನಲ್ಲಿ ನಿಂತುಹೋಯಿತು. ಆದರೆ ಪರದೆಯ ಮೇಲೆ ಯಾವ ಬದಲಾವಣೆಯೂ ಇರಲಿಲ್ಲ. ಎಲ್ಲ ಚೌಕಗಳೂ ಹಸಿರು. ಅವನು ಹನ್ನೊಂದರ ಕೀಲಿ ಒತ್ತಿದ. ಮತ್ತೆ ಒತ್ತಿದ. ಹಸಿರು ಹಸಿರಾಗಿಯೇ ಉಳಿಯಿತು. ಸ್ಪೀಕರು ಸುಮ್ಮನಿತ್ತು.

"ಸಂಪರ್ಕವೇ ಇಲ್ಲದಿದ್ದರೂ ಹಸಿರು ಯಾಕೆ?"

"ಯಾರೂ ಒತ್ತಿಲ್ಲ ಅಂದ್ರೆ ಹಸಿರು. ಒತ್ತಿದ್ದು ಬಂದು ಮುಟ್ಟಿಲ್ಲ ಅಂದ್ರೂ ಹಸಿರು. ಬರೆದ ಪುಣ್ಯಾತ್ಮ ಎರಡಕ್ಕೂ ಒಂದೇ ಬಣ್ಣ ಬಳಿದಿದ್ದಾನೆ."

"ಮೊಳೆ ಮುಗಿದರೆ ಯಾರು ಹೊರಗೆ ಉಳೀತಾರೆ?"

"ಕೊನೇಲಿ ಬಂದವರು. ಮೊದಲು ಸರಕಿನ ಥರ್ಮಾಮೀಟರುಗಳು, ಆಮೇಲೆ ಫ್ಯಾನುಗಳು, ಆಮೇಲೆ ಬಾಗಿಲುಗಳು. ಮನುಷ್ಯರ ಬಟನ್ನು ಕಟ್ಟಕಡೆಗೆ, ಅದರಲ್ಲೂ ಹನ್ನೊಂದರದು ಕೊನೇದು."

"ಮೀನು ಮೊದಲು," ಎಂದಳು ಚಿಕ್ಕಮ್ಮ.

"ಮೀನಿಗೆ ಬೆಲೆ ಇದೆಯಲ್ಲ."

ಅಕ್ಕನ ಮಗಳು ಸ್ಟೂಲಿನಿಂದ ಎದ್ದು ಬಾಗಿಲ ಬಳಿ ಹೋಗಿ ನಿಂತಳು. ಹೊರಗೆ ಬೀದಿಯಲ್ಲಿ ಯಾರೋ ತಗಡಿನ ಡಬ್ಬವನ್ನು ಒದೆಯುತ್ತ ಹೋಗುತ್ತಿದ್ದರು. "ಅಪ್ಪ ಸುಮ್ಸುಮ್ನೆ ಒತ್ತೋರು," ಎಂದಳು, ಯಾರಿಗೆ ಅಂತಲ್ಲದೆ. "ನಮ್ಮವರನ್ನ ಅಷ್ಟು ದೂರ ನಡೆಸಬೇಕು, ಅಷ್ಟೇ. ಇವರು ಜಾಕೆಟ್ ಹಾಕ್ಕೊಂಡು ಓಡಿಹೋದ್ರೆ, 'ಬಟನ್ ಕೆಲಸ ಮಾಡುತ್ತೋ ಇಲ್ಲವೋ ನೋಡಿದೆ ಕಣಯ್ಯ, ಕೂತು ಕೂತು ಕಾಲಿಗೆ ತುಕ್ಕು ಹಿಡಿದೀತು' ಅನ್ನೋರು. ಎಲ್ಲ ಹಮಾಲಿಗಳ ಎದುರಿಗೆ. ದಿನಕ್ಕೆ ನಾಲ್ಕು ಸಲ, ಐದು ಸಲ."

"ಗೊತ್ತು ಕಣೇ," ಎಂದಳು ಚಿಕ್ಕಮ್ಮ. ಭಾವನಿಗೆ ಅಳಿಯನ ಮೇಲಿದ್ದ ಸಿಟ್ಟು ಅವಳಿಗೆ ತಿಳಿಯದ್ದಲ್ಲ. ಮೂಟೆ ಹೊರುವವನ ಮಗಳನ್ನು ಕುರ್ಚಿಯಲ್ಲಿ ಕೂರುವವನು ಹೇಳದೆ ಕೇಳದೆ ಕಟ್ಟಿಕೊಂಡಿದ್ದ. ಮದುವೆಯ ದಿನ ಭಾವ ಎರಡು ಪಾಳಿ ಕೆಲಸ ಮಾಡಿದ್ದ.

ರಿಪೇರಿಯವನು ಮ್ಯಾಕನ್ನು ಆರಿಸಿದ. "ಇದು ತಮಾಷೆಗೆ ತೋರಿಸಿದ್ದು ಚಿಕ್ಕಮ್ಮ. ಅಲ್ಲಿ ಇದಿಲ್ಲ. ಲಿನಕ್ಸಲ್ಲಿ ಬಜರ್ ಬಾರಿಸಲೇಬೇಕು. ಇನ್ಸ್‌ಪೆಕ್ಟರ್ ನಗ್ತಾರೆ."

ಚಿಕ್ಕಮ್ಮ ಮಧ್ಯದ ಕಂಪ್ಯೂಟರನ್ನೇ ನೋಡುತ್ತಿದ್ದಳು. "ಈ ಧಾರಾಳಿಯನ್ನ ಆ ಜಿಪುಣನ ಹಾಗೆ ಮಾಡೋಕಾಗುತ್ತಾ?"

ಅವನು ತಲೆ ಕೆರೆದುಕೊಂಡ. "ಆಗುತ್ತೆ. ಒಂದು ಸಾಲು ಸಾಕು." ಕಪ್ಪು ಕಿಟಕಿಯೊಂದನ್ನು ತೆರೆದು, ಒಂದು ಪದ ಮತ್ತು ಒಂದು ಸಂಖ್ಯೆ ಹೊಡೆದ. ಅದೇ ಕಿಟಕಿಯಿಂದ ಪ್ರೋಗ್ರಾಮನ್ನು ನಿಲ್ಲಿಸಿ ಮತ್ತೆ ಶುರು ಮಾಡಿದ. ಎಣಿಕೆ ಈಗ ಅವನು ಹೇಳಿದಲ್ಲಿಗೆ ನಿಂತಿತು. ಹನ್ನೊಂದು ಸತ್ತಿತು. ಪರದೆ ಹಸಿರಾಗಿ ನಗುತ್ತಿತ್ತು.

"ಇದನ್ನ ಯಾರು ಬೇಕಾದರೂ ಮಾಡಬಹುದಾ?"

"ಮೊಳೆ ಎಷ್ಟು ಅನ್ನೋ ಗೆರೆ ಇಳಿಸೋಕೆ ಯಾರ ಅಪ್ಪಣೆಯೂ ಬೇಡ. ಆಪರೇಟರ್ ಆದ್ರೂ ಸರಿ, ನಾನಾದ್ರೂ ಸರಿ. ಆದ್ರೆ ಹೀಗೆ ಇಳಿಸಿದ ಮೇಲೆ," ಅವನು ಹಳೆಯ ದೊಡ್ಡ ಸಂಖ್ಯೆಯನ್ನು ಹೊಡೆದ. ಅನುಮತಿ ಇಲ್ಲ ಎಂಬ ಉತ್ತರ ಬಂತು. "ನೋಡಿ. ಇದೇ ಕಿಟಕಿಯಲ್ಲಿ ಮತ್ತೆ ಏರಿಸೋಕೆ ಯಜಮಾನನೇ ಬರಬೇಕು. ಮುಖ್ಯ ಪಾಸ್‌ವರ್ಡ್ ಇರೋನು."

"ಸಂಬಳದ ಹಾಗೆ."

ಅವನು ನಕ್ಕ. ಚಿಕ್ಕಮ್ಮ ನಗಲಿಲ್ಲ. "ಆ ಕಿಟಕಿ ಮುಚ್ಚಿದರೆ?"

"ಗುರುತು ಹೋಯ್ತು. ಕಂಪ್ಯೂಟರ್ ಆರಿಸಿದ್ರೂ ಹೋಯ್ತು. ಹೊಸದಾಗಿ ಶುರು ಮಾಡಿದ್ರೆ ಮತ್ತೆ ಸಾವಿರದ ಇಪ್ಪತ್ನಾಲ್ಕು, ಏನೂ ಆಗೇ ಇಲ್ಲ ಅನ್ನೋ ಹಾಗೆ."

"ಅವರು ಇನ್ನೂ ಆರಿಸಿಲ್ಲ. ಉಳಿದ ಕೋಣೆಗಳಲ್ಲಿ ಸರಕಿದೆ ಅಂತ ಪೊಲೀಸರಿಗೂ ಮುಟ್ಟೋಕೆ ಬಿಟ್ಟಿಲ್ಲ."

ಬಾಗಿಲ ಬಳಿಯಿಂದ ಅಕ್ಕನ ಮಗಳು ಹೇಳಿದಳು. "ಇವತ್ತು ಆರಿಸ್ತಾರೆ ಚಿಕ್ಕಮ್ಮ. ಮಧ್ಯಾಹ್ನ ಎಂಜಿನಿಯರ್ ಬಂದು ಹೊಸ ಕಂಪ್ಯೂಟರ್ ಇಡ್ತಾರಂತೆ. ಗೇಟಿನವರು ಹೇಳಿದ್ರು."

ಚಿಕ್ಕಮ್ಮ ಚೀಲ ಹೆಗಲಿಗೆ ಹಾಕಿಕೊಂಡಳು.

*

ಆಟೋದಲ್ಲಿ ಕೂತು ಇನ್ಸ್‌ಪೆಕ್ಟರಿಗೆ ಫೋನ್ ಮಾಡಿ ಮುಗಿಸುವಷ್ಟರಲ್ಲಿ ಅಕ್ಕನ ಫೋನು ಬಂತು.

"ಎಲ್ಲಿದ್ದೀಯ?"

"ಕೆಲಸದ ಮೇಲೆ."

"ಯಾರ ಕೆಲಸ? ನನ್ನ ಗಂಡನನ್ನ ಕೊಂದವನ ಕೆಲಸ ತಾನೇ?"

"ಅಕ್ಕಾ, ಅವನು ಕೊಂದಿಲ್ಲ ಅಂತ ನನಗೆ ಅನ್ಸುತ್ತೆ."

"ನಿನಗೆ ಅನ್ಸೋದನ್ನ ನೀನೇ ಇಟ್ಕೊ. ಮೈ ಸೆಟೆದುಕೊಂಡು ಕೂತಿದ್ದ ಹೆಣವನ್ನ ಮಲಗಿಸೋಕೆ ನಾಲ್ಕು ಜನ ಬೇಕಾಯ್ತು. ನೀನು ನೋಡಲಿಲ್ಲ, ನಾನು ನೋಡಿದೆ." ಅಕ್ಕ ಮೂಗೊರೆಸಿಕೊಂಡ ಸದ್ದು ಕೇಳಿಸಿತು. "ಅವಳು ನಿನ್ನ ಪಕ್ಕದಲ್ಲಿದ್ದಾಳಾ?"

"ಇದ್ದಾಳೆ. ಮಾತಾಡ್ತೀಯಾ?"

"ಬೇಡ. ಅವಳ ಬಟ್ಟೆ ಗಂಟು ಕಟ್ಟಿ ಹೊರಗಿಟ್ಟಿದ್ದೀನಿ, ಬಂದು ತಗೊಂಡು ಹೋಗೋಕೆ ಹೇಳು. ಅಪ್ಪ ಸತ್ತ ಮನೆಯಲ್ಲಿ ಗಂಡನಿಗೋಸ್ಕರ ಅಳೋಳು ನನಗೆ ಬೇಡ."

ಅಕ್ಕ ಫೋನು ಇಟ್ಟಳು. ಅಕ್ಕನ ಮಗಳಿಗೆ ಎಲ್ಲ ಕೇಳಿಸಿತ್ತು. ಆಟೋದ ಸದ್ದಿನಲ್ಲೂ ಅಕ್ಕನ ಗಂಟಲು ಅಂಥದ್ದು.

"ಅಮ್ಮ ಹೇಳೋದರಲ್ಲೂ ತಪ್ಪಿಲ್ಲ," ಎಂದಳು ಅವಳು.

"ನಿನ್ನ ಗಂಡ ಮನೆಗೆ ಬಂದ ಮೇಲೆ ನಿಮ್ಮಮ್ಮನ ಹತ್ರ ನಾನು ಮಾತಾಡ್ತೀನಿ. ನೀನು ಈಗ ಮನೆಗೆ ಹೋಗು. ಅಲ್ಲಿ ಬಂದು ಏನು ಮಾಡ್ತೀಯ?"

"ಅವರ ಸ್ವೆಟರ್ ಅಲ್ಲೇ ಇದೆ. ಲಾಕಪ್ಪಲ್ಲಿ ಚಳಿಯಂತೆ." ಆಮೇಲೆ ಸೇರಿಸಿದಳು. "ನಾನು ಆ ರೂಮಿನ ಒಳಗೆ ಯಾವತ್ತೂ ಕಾಲಿಟ್ಟಿಲ್ಲ ಚಿಕ್ಕಮ್ಮ. ಗೇಟಲ್ಲೇ ಊಟದ ಡಬ್ಬಿ ಕೊಟ್ಟು ಹೋಗ್ತಿದ್ದೆ. ಒಂದ್ಸಲ ನೋಡಬೇಕು ಅನ್ಸುತ್ತೆ."

ಚಿಕ್ಕಮ್ಮ ಅವಳ ಕೈ ಮೇಲೆ ಕೈಯಿಟ್ಟಳು. ಬಿಸಿಲಲ್ಲೂ ಕೈ ತಣ್ಣಗಿತ್ತು.

*

ಕಂಟ್ರೋಲ್ ರೂಮು ಅಂದರೆ ಉದ್ದನೆಯ ಓಣಿಯ ಕೊನೆಗೆ ಗಾಜು ಹಾಕಿದ ಒಂದು ಗೂಡು. ಗೂಟಕ್ಕೆ ದಪ್ಪ ಜಾಕೆಟ್ಟು, ಕಬ್ಬಿಣದ ಮೇಜು, ಬಾಗಿಲ ಮೇಲೆ ಮುಷ್ಟಿ ಗಾತ್ರದ ಬಜರು. ಕುರ್ಚಿಯ ಮೇಲೆ ಹಳೆ ಪರದೆ ಬಟ್ಟೆಯಿಂದ ಹೊಲಿದ ದಿಂಬು. ಸ್ವೆಟರು ಕುರ್ಚಿಯ ಬೆನ್ನಿಗೇ ನೇತಾಡುತ್ತಿತ್ತು. ಅಕ್ಕನ ಮಗಳು ಅದನ್ನು ಎತ್ತಿ ಎದೆಗವಚಿಕೊಂಡು ಮೇಜಿನ ಪಕ್ಕ ನಿಂತಳು.

ಎಂಜಿನಿಯರ್ ಆಗಲೇ ಮೇಜಿನ ಹಿಂದೆ ಬಗ್ಗಿ ವೈರುಗಳಿಗೆ ಕೈ ಹಾಕಿದ್ದ. ಮೂವತ್ತೈದರ ಆಚೀಚೆ, ಇಸ್ತ್ರಿ ಮಾಡಿದ ಶರ್ಟು. ಈ ಪ್ರೋಗ್ರಾಮನ್ನು ಬರೆದು ಕೂರಿಸಿದವನು ಅವನೇ.

"ಕೈ ತೆಗೀರಿ," ಎಂದಳು ಚಿಕ್ಕಮ್ಮ.

"ಯಾರು ನೀವು?"

ಬಾಗಿಲಲ್ಲಿ ಕಾವಲಿದ್ದ ಪೇದೆ ಗಂಟಲು ಸರಿಮಾಡಿಕೊಂಡ. "ಸಾಹೇಬರ ಫೋನ್ ಬಂದಿತ್ತು ಸಾರ್. ಚಿಕ್ಕಮ್ಮ ನೋಡೋ ತನಕ ಏನೂ ಆರಿಸೋ ಹಾಗಿಲ್ಲ."

"ಯಾರ ಚಿಕ್ಕಮ್ಮ?"

"ಸದ್ಯಕ್ಕೆ ನಿಮ್ಮದು," ಎಂದಳು ಅವಳು. "ಕೂತ್ಕೊಳ್ಳಿ. ಈ ಕಂಪ್ಯೂಟರಿನಲ್ಲಿ ಏನೂ ಬದಲಾಗಿಲ್ಲ ಅಂತ ಇನ್ಸ್‌ಪೆಕ್ಟರಿಗೆ ಹೇಳಿದ್ದು ನೀವೇ ತಾನೇ?"

"ಹೌದು. ಆಫೀಸಲ್ಲಿ ಪರೀಕ್ಷೆ ಮಾಡಿಯೇ ತಂದು ಕೂರಿಸಿದ್ದು. ಎಲ್ಲ ಬಟನ್ನೂ ಕೆಲಸ ಮಾಡಿದೆ."

"ನಿಮ್ಮ ಆಫೀಸಿನದು ಯಾವುದು?"

"ವಿಂಡೋಸು."

"ಇದು?"

"ಲಿನಕ್ಸು. ಅದರಿಂದೇನೀಗ? ಇಲ್ಲೂ ಸಾವಿರದ ಮೇಲೆ ಜಾಗ ಇದೆ." ಅವನು ಕೈ ಬೀಸಿದ. "ನೋಡೀಮ್ಮಾ, ಅವನು ಮಲಗಿದ್ದ. ಅವನೇ ಒಪ್ಪಿಕೊಂಡಿದ್ದಾನೆ. ಇದರಲ್ಲಿ ಕಂಪ್ಯೂಟರನ್ನ ಯಾಕೆ ಎಳೀತೀರ?"

"ಎಷ್ಟು ಜಾಗ ಇದೆ ಅಂತ ಅದನ್ನೇ ಕೇಳಿ."

"ಹೇಳಿದೆನಲ್ಲ."

"ನಿಮ್ಮನ್ನ ಕೇಳಲಿಲ್ಲ. ಅದನ್ನ ಕೇಳಿ. ಈ ಕಿಟಕಿಯಲ್ಲೇ."

ಪರದೆಯ ಕೆಳಗೆ ಕಪ್ಪು ಕಿಟಕಿಯೊಂದು ತೆರೆದೇ ಇತ್ತು. ಎಂಜಿನಿಯರ್ ಅದನ್ನು ನೋಡಿದ. ಆಮೇಲೆ ಪೇದೆಯನ್ನು ನೋಡಿದ. ಕುರ್ಚಿಯಲ್ಲಿ ಕೂತು, ಒಂದು ಪದ ಹೊಡೆದ.

ಬಂದ ಸಂಖ್ಯೆ ಸಾವಿರದ ಹತ್ತಿರವೂ ಇರಲಿಲ್ಲ. ಮುನ್ನೂರು ಚಿಲ್ಲರೆ. ಬೇಕಾದ್ದಕ್ಕಿಂತ ಒಂದೇ ಒಂದು ಕಡಿಮೆ.

"ಏರಿಸಿ," ಎಂದಳು ಚಿಕ್ಕಮ್ಮ.

ಅವನು ಹೊಡೆದ. ಅನುಮತಿ ಇಲ್ಲ.

"ಯಾರೋ ಕೈಯಾಡಿಸಿದ್ದಾರೆ," ಎಂದ ಎಂಜಿನಿಯರ್. "ಆಪರೇಟರ್ ಕೈಯಾಡಿಸಿದ್ದಾನೆ. ನೋಡಿ, ಇದು ಇನ್ನೂ ಕೆಟ್ಟದಾಯ್ತು. ಮಲಗಿದ್ದಲ್ಲ, ಬೇಕಂತಲೇ ಮಾಡಿದ್ದು."

ಪೇದೆ ಒಂದು ಹೆಜ್ಜೆ ಒಳಗೆ ಬಂದ. ಅಕ್ಕನ ಮಗಳು ಸ್ವೆಟರಿನ ತೋಳನ್ನು ಹಿಂಡುತ್ತಿದ್ದಳು.

ಚಿಕ್ಕಮ್ಮ ಎದುರಿನ ಪೆಟ್ಟಿಗೆಯೊಂದನ್ನು ಎಳೆದುಕೊಂಡು ಎಂಜಿನಿಯರನ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಳು. "ಎಂಜಿನಿಯರ್ರೇ, ಬಜರ್ ಕಾಟ ತಡೀಲಾರದೆ ಒಬ್ಬ ಆಪರೇಟರು ಏನು ಮಾಡ್ತಾನೆ? ವೈರು ಕೀಳ್ತಾನೆ. ಬಟ್ಟೆ ತುರುಕ್ತಾನೆ. ಸಿಟ್ಟು ಬಂದ್ರೆ ಸುತ್ತಿಗೇಲಿ ಹೊಡೀತಾನೆ. ಈ ಸಂಖ್ಯೆ ಅಂಥದ್ದಲ್ಲ. ಉಳಿದೆಲ್ಲ ಇರಬೇಕು, ಒಂದು ಮಾತ್ರ ಹೋಗಬೇಕು. ಅದಕ್ಕೆ ಪಟ್ಟಿಯಲ್ಲಿ ಎಷ್ಟಿವೆ, ಯಾವುದರ ಹಿಂದೆ ಯಾವುದಿದೆ ಅಂತ ಗೊತ್ತಿರಬೇಕು. ಹೊರಗಿನ ತಂತಿಗಳಲ್ಲದೆ ಪ್ರೋಗ್ರಾಮು ತನಗೇ ಅಂತ ಎಷ್ಟು ಮೊಳೆ ಇಟ್ಕೊಳ್ಳುತ್ತೆ ಅನ್ನೋದೂ ಗೊತ್ತಿರಬೇಕು. ಆ ಪಟ್ಟಿ ಯಾರ ಹತ್ರ ಇದೆ?"

ಅವನು ಕೀಲಿಮಣೆಯಿಂದ ಕೈ ಹಿಂದಕ್ಕೆಳೆದುಕೊಂಡ.

"ಆಪರೇಟರಿಗೆ ತೆರೆಯೋಕೆ ಬರುತ್ತಾ?"

"ಇಲ್ಲ. ಮುಖ್ಯ ಪಾಸ್‌ವರ್ಡ್ ಬೇಕು."

"ಅಂದ್ರೆ ನಿಮ್ಮ ಹತ್ರ ಮಾತ್ರ."

ಎಂಜಿನಿಯರನ ಇಸ್ತ್ರಿ ಶರ್ಟಿನ ಕಂಕುಳಲ್ಲಿ ಬೆವರು ಹರಡಿತ್ತು. ಗಾಜಿನಾಚೆ ಇಬ್ಬರು ಹಮಾಲಿಗಳು ತಳ್ಳುಗಾಡಿ ನಿಲ್ಲಿಸಿ ಒಳಗೆ ನೋಡಿ, ಮತ್ತೆ ತಳ್ಳಿಕೊಂಡು ಹೋದರು.

"ಅವನೇ ಫೋನ್ ಮಾಡಿದ್ದು," ಎಂದ ಕೊನೆಗೆ. "ಅವತ್ತು ಬೆಳಿಗ್ಗೆ. ಹನ್ನೊಂದರ ಬಟನ್ನಿಂದ ಸುಮ್ಮನೆ ಬಜರ್ ಬರ್ತಾ ಇದೆ, ಏನಾದ್ರೂ ಮಾಡಿ ಸಾರ್ ಅಂದ. ಬಟನ್ ಕೆಟ್ಟಿದೆ ಅಂದ್ಕೊಂಡೆ. ಅವರ ಮನೆ ಜಗಳ ನನಗೇನು ಗೊತ್ತು? ಪಟ್ಟಿಯಿಂದ ತೆಗೀಬೇಕಂದ್ರೆ ನಾನೇ ಬರಬೇಕು. ಒಂದ್ಹೊತ್ತಿನ ಬಸ್ ದಾರಿ. ಒಂದು ಬಟನ್ನಿಗೋಸ್ಕರ."

"ಅದಕ್ಕೆ ಗೆರೆ ಇಳಿಸಿ ಅಂದ್ರಿ."

"ತಾತ್ಕಾಲಿಕ. ಭಾನುವಾರ ಬಂದು ಸರಿ ಮಾಡೋನಿದ್ದೆ."

"ಮನುಷ್ಯ ಭಾನುವಾರದ ತನಕ ಕಾಯಲಿಲ್ಲ."

"ಸಂಜೆಗೇ ಹೀಗಾಗುತ್ತೆ ಅಂತ..." ಅವನು ಮುಖ ಒರೆಸಿಕೊಂಡ. "ಒಳಗಿನ ಹಿಡಿ ಮುರಿದಿದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಕಂಪನಿಯವರು ಹೇಳಿರಲಿಲ್ಲ. ಹೇಳಿದ್ದರೆ ನಾನು..."

"ಬರ್ತಿದ್ರಾ?"

ಅವನು ಕುರ್ಚಿಯನ್ನು ಪರದೆಯ ಕಡೆ ತಿರುಗಿಸಿದ.

ಚಿಕ್ಕಮ್ಮ ಪೇದೆಯ ಕಡೆ ತಿರುಗಿದಳು. "ಕೇಳಿಸ್ಕೊಂಡ್ಯಲ್ಲಪ್ಪ. ಬಜರ್ ಬಾರಿಸೋ ದಾರಿಯೇ ಇರಲಿಲ್ಲ. ಸಾಹೇಬರಿಗೆ ಹೇಳು." ಎದೆಯ ಮೇಲೆ ಕೂತಿದ್ದ ಭಾರ ಸ್ವಲ್ಪ ಅಲುಗಿದಂತಾಯಿತು. ಆದರೆ ಪೂರ್ತಿ ಇಳಿಯಲಿಲ್ಲ. ಯಾವುದೋ ಒಂದು ಎಳೆ ಸಿಕ್ಕುಬಿದ್ದಿತ್ತು. ಎಂಜಿನಿಯರ್ ಹೇಳಿಕೊಟ್ಟು ಅಳಿಯ ಒತ್ತಿದ್ದರೆ, ಅಳಿಯ ಅದನ್ನೇ ಹೇಳಬಹುದಿತ್ತು. ಎಂಜಿನಿಯರ್ ಹೇಳಿದ, ನಾನು ಮಾಡಿದೆ. ಅರ್ಧ ತಪ್ಪು ಅವನ ಹೆಗಲಿಗೆ ಹೋಗುತ್ತಿತ್ತು. ಅದು ಬಿಟ್ಟು, ನಿದ್ದೆ ಹೋಗಿದ್ದೆ ಅಂತ ಇಡೀ ಮೂಟೆಯನ್ನು ತಾನೇ ಯಾಕೆ ಹೊತ್ತುಕೊಂಡ?

"ಬೆಳಿಗ್ಗೆ ಅವನು ಫೋನ್ ಮಾಡಿದಾಗಲೇ ಹೇಳಿಕೊಟ್ರಾ?" ಎಂದು ಕೇಳಿದಳು.

"ಇಲ್ಲ. ಎಣಿಸಿ ನೋಡಬೇಕಿತ್ತಲ್ಲ. ಮಧ್ಯಾಹ್ನ ನಾನೇ ಇಲ್ಲಿಗೆ ಫೋನ್ ಮಾಡಿದೆ."

"ಅವನು ಬರ್ಕೊಂಡನಾ?"

"ಫೋನ್ ಎತ್ತಿದ್ದು ಅವನಲ್ಲ." ಎಂಜಿನಿಯರ್ ಪರದೆಯನ್ನೇ ನೋಡುತ್ತ ಹೇಳಿದ. "ಯಾರೋ ಹೆಂಗಸು. ಇಲ್ಲಿನ ಆಫೀಸಿನವರು ಇರಬೇಕು. 'ಮತ್ತೆ ಬಜರ್ ಬಂತು, ಅವರು ಹನ್ನೊಂದಕ್ಕೆ ಓಡಿದ್ದಾರೆ' ಅಂದ್ರು. ಆಮೇಲೆ ಮಾತಾಡ್ತೀನಿ ಅಂದೆ. 'ಬೇಡ, ಈಗಲೇ ಹೇಳಿ, ನಾನೇ ಒತ್ತುತ್ತೀನಿ' ಅಂದ್ರು. ಒಂದೊಂದೇ ಅಕ್ಷರ ಹೇಳಿದೆ, ಪ್ರೋಗ್ರಾಮು ನಿಲ್ಲಿಸಿ ಮತ್ತೆ ಶುರು ಮಾಡೋದನ್ನೂ. ಇಳಿಸಿದ ಮೇಲೆ ಮತ್ತೆ ಏರಿಸೋಕೆ ನಾನೇ ಬರಬೇಕಾಗುತ್ತೆ ಅಂತಲೂ ಹೇಳಿದೆ."

"ಅದಕ್ಕೆ?"

"'ಏರಿಸೋದು ಬೇಡ ಬಿಡಿ,' ಅಂದ್ರು."

ಆಫೀಸಿನಲ್ಲಿ ಹೆಂಗಸರು ಇಬ್ಬರೇ. ಲೆಕ್ಕ ಬರೆಯುವವಳು, ಮ್ಯಾನೇಜರನ ನಾದಿನಿ. ಚಿಕ್ಕಮ್ಮ ಇಬ್ಬರ ಮುಖವನ್ನೂ ಮನಸ್ಸಿನಲ್ಲೇ ತಂದುಕೊಂಡಳು. ಇವರಲ್ಲಿ ಯಾರಿಗೆ ಭಾವನ ಮೇಲೆ ಅಷ್ಟು ಹಗೆ?

"ನಿಮ್ಮ ಹತ್ರ ಮುಖ್ಯ ಪಾಸ್‌ವರ್ಡ್ ಇದೆಯಲ್ಲ," ಎಂದಳು. "ಏರಿಸಿ. ಪ್ರೋಗ್ರಾಮು ನಿಲ್ಲಿಸದೆ ಏರಿಸೋಕಾಗುತ್ತಾ?"

"ಆಗುತ್ತೆ. ಮುಖ್ಯ ಖಾತೆಯಿಂದ, ಓಡ್ತಾ ಇರುವಾಗಲೇ."

"ಏರಿಸಿ. ಹನ್ನೊಂದು ತಾನಾಗೇ ಸೇರಿಕೊಳ್ಳುತ್ತೋ ಇಲ್ಲವೋ ಈ ಪೇದೆಯ ಕಣ್ಣೆದುರಿಗೇ ನೋಡೋಣ. ಇನ್ಸ್‌ಪೆಕ್ಟರಿಗೆ ನನ್ನ ಮಾತು ಸಾಕಾಗಲ್ಲ."

ಎಂಜಿನಿಯರ್ ಎರಡು ಸಾಲು ಹೊಡೆದ. "ಸಿಗದೇ ಇದ್ದದ್ದನ್ನ ಸ್ವಲ್ಪ ಹೊತ್ತಿಗೊಂದ್ಸಲ ಮತ್ತೆ ಹುಡುಕುತ್ತೆ," ಎಂದ. "ಕಾಯಬೇಕು."

ಕಾದರು. ಪರದೆ ಹಸಿರಾಗಿತ್ತು. ಓಣಿಯ ಕೊನೆಯಿಂದ ತಣ್ಣನೆಯ ಗಾಳಿ ಬಾಗಿಲ ಸಂದಿನಲ್ಲಿ ನುಗ್ಗುತ್ತಿತ್ತು. ಪೇದೆ ಕೈ ಉಜ್ಜಿಕೊಂಡ.

ಹನ್ನೊಂದರ ಚೌಕ ಕೆಂಪಾಯಿತು.

ಬಾಗಿಲ ಮೇಲಿನ ಬಜರು ಒಮ್ಮೆಲೇ ಬಾಯಿ ತೆರೆಯಿತು. ರಿಪೇರಿ ಅಂಗಡಿಯ ಸ್ಪೀಕರಿನ ಹಾಗಲ್ಲ, ಎದೆಗೂಡು ನಡುಗಿಸುವಂಥ ಸದ್ದು. ಪೇದೆ ಕಿವಿ ಮುಚ್ಚಿಕೊಂಡ. ಗಾಜಿನಾಚೆ ಹಮಾಲಿಗಳು ಕೈಲಿದ್ದದ್ದನ್ನು ಬಿಟ್ಟು ನಿಂತರು.

ಏನಾಗುತ್ತಿದೆ ಎಂದು ಚಿಕ್ಕಮ್ಮನಿಗೆ ಹೊಳೆಯಲು ಒಂದು ಗಳಿಗೆ ಬೇಕಾಯಿತು. ಹನ್ನೊಂದನೇ ಕೋಣೆಗೆ ಪೊಲೀಸರು ಸೀಲು ಹಾಕಿದ್ದರು. ಒಳಗೆ ಏನನ್ನೂ ಮುಟ್ಟಿರಲಿಲ್ಲ. ಬಟನ್ ಇನ್ನೂ ಒಳಗೇ ಕೂತಿತ್ತು, ಭಾವ ಒತ್ತಿದ್ದ ಹಾಗೆಯೇ. ಅವನು ಕರೆದದ್ದು ಈಗ ಬಂದು ಮುಟ್ಟಿತ್ತು.

"ನಿಲ್ಲಿಸ್ರೀ," ಎಂದು ಪೇದೆ ಕೂಗಿದ. "ಯಾರಾದ್ರೂ ನಿಲ್ಲಿಸಿ."

ಎಂಜಿನಿಯರ್ ಎದ್ದು ಬಾಗಿಲ ಪಕ್ಕದ ಗೋಡೆಗೆ ಓಡಿದ. ಅಲ್ಲಿ ಸುಣ್ಣದ ಮೇಲೆ ಎರಡು ಸ್ಕ್ರೂ ತೂತುಗಳು ಮಾತ್ರ ಇದ್ದವು. "ಇಲ್ಲೇ ಹಾಕಿದ್ದೆ, ಬಜರ್ ನಿಲ್ಲಿಸೋ ಸ್ವಿಚ್ಚು. ಯಾರು ಕಿತ್ತಿದ್ದು?" ಅವನು ಗೋಡೆಯನ್ನು ತಡವಿದ, ಜಾಕೆಟ್ಟಿನ ಹಿಂದೆ ನೋಡಿದ, ಬಜರಿನ ವೈರಿಗೆ ಎಗರಿದ. ಎಟುಕಲಿಲ್ಲ.

ಸದ್ದು ಥಟ್ಟನೆ ನಿಂತಿತು.

ಆ ಮೌನದಲ್ಲಿ ಚಿಕ್ಕಮ್ಮ ಮೆಲ್ಲನೆ ಹಿಂದಕ್ಕೆ ತಿರುಗಿದಳು.

ಅಕ್ಕನ ಮಗಳು ನಿಂತಲ್ಲೇ ನಿಂತಿದ್ದಳು. ಎಡಗೈಯಲ್ಲಿ ಸ್ವೆಟರು. ಬಲಗೈ ಮೇಜಿನ ಅಂಚಿನ ಕೆಳಗೆ, ಮೊಣಕೈ ತನಕ ಒಳಗೆ. ನಿಂತವರ ಕಣ್ಣಿಗೆ ಬೀಳದ ಜಾಗ ಅದು. ಪ್ರತಿ ಸಲ ಏಳಬೇಕಾಗದಿರಲಿ ಎಂದು ಕುರ್ಚಿಯಲ್ಲಿ ಕೂತವನು ಸ್ವಿಚ್ಚನ್ನು ಕಿತ್ತು ತಂದು ತಾನೇ ಕೂರಿಸಿಕೊಂಡಿದ್ದ ಜಾಗ. ಅವಳು ಹುಡುಕಿರಲಿಲ್ಲ. ಬಗ್ಗಿ ನೋಡಿಯೂ ಇರಲಿಲ್ಲ.

ಎಂಜಿನಿಯರ್ ಗೋಡೆ ಬಿಟ್ಟು ಅವಳನ್ನೇ ನೋಡುತ್ತಿದ್ದ. ಅವನ ಬಾಯಿ ಅರ್ಧ ತೆರೆದಿತ್ತು. ಈ ರೂಮಿಗೆ ಬಂದಾಗಿನಿಂದ ಅವಳು ಅವನೆದುರು ಒಂದು ಮಾತೂ ಆಡಿರಲಿಲ್ಲ, ತನ್ನ ದನಿಯನ್ನೇ ಕೇಳಿಸಿರಲಿಲ್ಲ ಎಂಬುದು ಚಿಕ್ಕಮ್ಮನಿಗೆ ಆಗ ಹೊಳೆಯಿತು.

ಅಳಿಯ ಯಾಕೆ ನಿದ್ದೆ ಹೋಗಿದ್ದೆ ಅಂದ ಎಂಬುದೂ.

ಪರದೆಯ ಮೇಲೆ ಹನ್ನೊಂದು ಕೆಂಪಾಗಿಯೇ ಇತ್ತು. ಪೇದೆ ಕಿವಿಯಿಂದ ಕೈ ತೆಗೆದು ಜೇಬಿನಿಂದ ಪೆನ್ನು ತೆಗೆದ. "ಸಾಹೇಬರಿಗೆ ಏನಂತ ಹೇಳ್ಲಿ ಚಿಕ್ಕಮ್ಮ? ಫೋನ್ ಎತ್ತಿದ್ದ ಹೆಂಗಸು ಯಾರು ಅಂತ ಕೇಳ್ತಾರೆ."

ಅಕ್ಕನ ಮಗಳು ಮೇಜಿನ ಕೆಳಗಿನಿಂದ ಕೈ ತೆಗೆದುಕೊಂಡಳು. ಸ್ವೆಟರನ್ನು ಮಡಚಿದಳು, ತೋಳುಗಳನ್ನು ಒಳಗೆ ಸೇರಿಸಿ, ಅಂಚಿಗೆ ಅಂಚು ಕೂಡಿಸಿ. ಆಮೇಲೆ ತಲೆಯೆತ್ತಿ ಎಂಜಿನಿಯರನಿಗೂ ಕೇಳುವ ಹಾಗೆ ಕೇಳಿದಳು.

"ಅವರನ್ನ ಇವತ್ತೇ ಬಿಡ್ತಾರಾ ಚಿಕ್ಕಮ್ಮ?"